ಸ್ಲೊವೇನಿಯಾದಲ್ಲಿ ನನ್ನ ಮೂರು ಬೆರಳು

ಹೊರಡೋ ಮುಂಚೆ, ಹಿರೇಹಳ್ಳಿ

ಸ್ಲೊವೇನಿಯಾ ಅನ್ನೋ ದೇಶ ಇದೆ ಅಂತ ನನಗೆ ಗೊತ್ತಾಗಿದ್ದೇ ಅಲ್ಲಿಗೆ ಟಿಕೆಟ್ ಬಂದ ಮೇಲೆ. ನಮ್ಮಮ್ಮನಿಗೆ ಈಗಲೂ ಗೊತ್ತಿಲ್ಲ. ಗುಬ್ಬಿಯಲ್ಲಿ ಯಾರು ಕೇಳಿದರೂ "ನಮ್ ಗಿರಿಜಿ ಜರ್ಮನಿಗೆ ಹೋಗಿದ್ಲು" ಅಂತಲೇ ಹೇಳ್ತಾರೆ. ತಿದ್ದೋಕೆ ಹೋದರೆ "ಅದೂ ಅಲ್ಲೇ ಪಕ್ಕದಲ್ಲಿರ್ಬೇಕು ಬುಡು" ಅಂತಾರೆ. ಪಕ್ಕವೇನೂ ಅಲ್ಲ, ಮಧ್ಯೆ ಆಸ್ಟ್ರಿಯಾ ಅಂತ ಒಂದು ಇಡೀ ದೇಶ ಇದೆ. ಹೇಳಿ ಹೇಳಿ ಸಾಕಾಗಿ ಬಿಟ್ಟಿದೀನಿ.

ನಾನು ಹಿರೇಹಳ್ಳಿಯ ಒಂದು ತೆಂಗಿನಪುಡಿ ಫ್ಯಾಕ್ಟರಿಯಲ್ಲಿ ಕೆಲಸ ಮಾಡ್ತೀನಿ. ಡಿಪ್ಲೊಮಾ ಮುಗಿಸಿ ಸೇರಿದಾಗ ಪ್ಯಾನಲ್ ವೈರಿಂಗ್ ಕೆಲಸ. ಅಂದ್ರೆ ಬೀರುವಿನಷ್ಟು ದೊಡ್ಡ ಉಕ್ಕಿನ ಡಬ್ಬದೊಳಗೆ, ಬೇರೆ ಯಾರೋ ಬರೆದ ಡ್ರಾಯಿಂಗ್ ನೋಡಿಕೊಂಡು ತಂತಿ ಜೋಡಿಸೋದು. ಆಮೇಲೆ ಕೆಲಸ ಮಾಡ್ತಾನೇ ಸಂಜೆ ಕಾಲೇಜಿಗೆ ಹೋಗಿ ಬಿ.ಇ. ಮುಗಿಸಿದೆ. ಕಂಟ್ರೋಲ್ ಸಿಸ್ಟಮ್ಸ್ ಎಂಜಿನಿಯರ್ ಆಗಬೇಕು ಅನ್ನೋದು ಆಸೆ. ಅದೇನು ಕೆಲಸ ಅಂತ ಕುಣಿಗಲ್‌ನಲ್ಲಿ ನಮ್ಮತ್ತೆ ಒಮ್ಮೆ ಕೇಳಿದರು. "ಹಾಲು ಉಕ್ಕೋ ಮುಂಚೆ ನೀವು ನೋಡ್ಕೊಂಡು ಒಲೆ ಸಣ್ಣ ಮಾಡ್ತೀರಲ್ಲ ಅತ್ತೆ, ಆ ನೋಡೋದು, ಸಣ್ಣ ಮಾಡೋದು ಎರಡನ್ನೂ ಮೆಷಿನ್ ಕೈಲೇ ಮಾಡ್ಸೋದು" ಅಂದೆ. ಅತ್ತೆ "ನಿನ್ನೆ ನೀನೇ ಹಾಲು ಉಕ್ಸಿದ್ಯಲ್ಲಮ್ಮ" ಅಂದರು.

ಹದಿನೈದು ವರ್ಷ ಆಯ್ತು. ಇವತ್ತಿಗೂ ಹೊಸ ಮೆಷಿನ್ ಬಂದರೆ ಬೆಂಗಳೂರಿಂದ ಒಬ್ಬ ಕನ್ಸಲ್ಟೆಂಟ್ ಬರ್ತಾನೆ, ನನ್ನ ಹತ್ತಿರ ಸ್ಕ್ರೂಡ್ರೈವರ್ ಇಸ್ಕೋತಾನೆ, ಸ್ಟಾರ್ಟ್ ಬಟನ್ ತಾನೇ ಒತ್ತುತಾನೆ. ನನಗೆ ಮೂಗಿನ ತುದೀಲೇ ಕೋಪ. ಈ ಸಲ ಹೋಗಿ ಓನರ್ ಮಹೇಶ್ ಸರ್ ಮುಂದೆ ಕೂತೇಬಿಟ್ಟೆ. ಹೊಸದಾಗಿ ಬರ್ತಿದ್ದದ್ದು ತೆಂಗಿನ ಚೂರು ಆರಿಸೋ ಮೆಷಿನ್. ಬೆಲ್ಟಿನ ಮೇಲೆ ಚೂರುಗಳು ಓಡ್ತಿರುತ್ವೆ, ಕ್ಯಾಮೆರಾ ನೋಡುತ್ತೆ, ಕಂದು ಸಿಪ್ಪೆ ಉಳಿದಿರೋ ಚೂರು ಕಂಡರೆ ಗಾಳಿ ಊದಿ ಆಚೆ ತಳ್ಳುತ್ತೆ. ಅದನ್ನ ತಯಾರಾದ ಜಾಗದಲ್ಲೇ ಪರೀಕ್ಷೆ ಮಾಡಿ, ಸರಿಯಿದೆ ಅಂತ ಸಹಿ ಹಾಕಿ ಬರೋಕೆ ಯಾರಾದರೂ ಹೋಗಬೇಕಿತ್ತು.

"ನೀನೇ ಹೋಗಮ್ಮ ಗಿರಿಜಾ. ಅಲ್ಲಿ ಪಾಸ್ ಮಾಡಿಸ್ಕೊಂಡು ಬಂದ್ರೆ ಇಲ್ಲಿ ಸ್ಟಾರ್ಟ್ ಮಾಡೋದೂ ನೀನೇ. ಇಲ್ಲ ಅಂದ್ರೆ ಕನ್ಸಲ್ಟೆಂಟ್‌ಗೆ ಹೇಳ್ತೀನಿ, ಆಮೇಲೆ ಬೇಜಾರ್ ಮಾಡ್ಕೋಬೇಡ" ಅಂದರು ಸರ್.

ಜೊತೆಗೆ ಫೋರ್‌ಮನ್ ನಂಜುಂಡಣ್ಣ. ಕೋರ ಅನ್ನೋ ಊರಿನವರು, ಬೇರಿಂಗ್ ಸದ್ದು ಕೇಳಿ ಅದರ ವಯಸ್ಸು ಹೇಳೋ ಮನುಷ್ಯ. ಹೊರಡೋ ದಿನ ನಮ್ಮ ಮನೆಗೆ ಅಮ್ಮ ಬಂದು ಒಂದು ವಿಭೂತಿ ಗಟ್ಟಿ ಕೊಟ್ಟರು. "ಕರೆಂಟ್ ಕೊಡೋ ಮುಂಚೆ ಮೆಷಿನ್ನಿಗೆ ಹಚ್ಚೋದು ಮರೀಬೇಡ ಕಣೇ" ಅಂದರು. ಮರೆಯೋ ಮಾತೇ ಇಲ್ಲ. ಇಷ್ಟು ವರ್ಷದಲ್ಲಿ ನಾನು ವೈರಿಂಗ್ ಮಾಡಿದ ಯಾವ ಪ್ಯಾನಲ್ಲೂ ವಿಭೂತಿ ಇಲ್ಲದೆ ಕರೆಂಟ್ ಕಂಡಿಲ್ಲ.

ಬೆಂಗಳೂರು ವಿಮಾನ ನಿಲ್ದಾಣ

ಪರದೇಶದ ಊಟ ಸೇರದಿದ್ದರೆ ಅಂತ ನಂಜುಂಡಣ್ಣ ಸೂಟ್‌ಕೇಸಿನ ತುಂಬ ಕೊಬ್ಬರಿ, ಬೆಲ್ಲ ತುಂಬಿಕೊಂಡು ಬಂದಿದ್ದರು. ಬ್ಯಾಗ್ ಕಳಿಸಿ ನೆಮ್ಮದಿಯಾಗಿ ಕೂತಿದ್ದಾಗ ಹೆಸರು ಕೂಗಿದರು. ಒಳಗಡೆ ಒಬ್ಬಳು ಆಫೀಸರ್ ಕೊಬ್ಬರಿ ಬಟ್ಟಲನ್ನ ಕೈಯಲ್ಲಿ ಹಿಡಿದು ನಿಂತಿದ್ದಳು. ವಿಮಾನದಲ್ಲಿ ಕೊಬ್ಬರಿ ತಗೊಂಡು ಹೋಗೋ ಹಾಗಿಲ್ಲವಂತೆ, ಎಣ್ಣೆ ಅಂಶ, ಬೆಂಕಿ ಹತ್ತುತ್ತಂತೆ. ನಂಜುಂಡಣ್ಣನಿಗೆ ಅವಮಾನವಾಯ್ತು.

"ನಾವು ಹುಟ್ಟಿದಾಗ್ನಿಂದ ಅಟ್ಟದ್ ಮೇಲೆ ಇಟ್ಕೊಂಡು ಕೆಳಗಡೆ ಒಲೆ ಉರಿಸ್ತಿದೀವಿ ಕಣಮ್ಮ, ಒಂದು ದಿನ ಹೊಗೆ ಆಡಿಲ್ಲ" ಅಂದರು.

ಅವಳು ನಕ್ಕು, ತಾನು ತಿಪಟೂರಿನವಳು, ತನ್ನಪ್ಪನ ಹತ್ತಿರವೂ ಇದೇ ಜಗಳ ಆಗಿತ್ತು ಅಂದಳು. ಕೊಬ್ಬರಿ ಅಲ್ಲೇ ಉಳೀತು. ಬೆಲ್ಲ ಹೋಯ್ತು. ತೆಂಗಿನ ಸೀಮೆಯಲ್ಲಿ ಹುಟ್ಟಿ, ತೆಂಗಿನ ಫ್ಯಾಕ್ಟರಿಯಲ್ಲಿ ದುಡಿಯೋ ನಮ್ಮಿಬ್ಬರಿಗೂ ಇದು ಗೊತ್ತಿರಲಿಲ್ಲವಲ್ಲ ಅಂತ ವಿಮಾನ ಹತ್ತೋವರೆಗೂ ನನಗೆ ನಗು.

ಭಾನುವಾರ, ಮಾರ್ಯಾನ್ ಮನೆ

ನಾವು ಇಳಿದುಕೊಂಡದ್ದು ಮಾರಿಬೋರ್ ಅನ್ನೋ ಊರಿನ ಹತ್ತಿರ, ಗುಡ್ಡಗಳ ಮಧ್ಯೆ. ಅಲ್ಲಿಯ ಕಂಟ್ರೋಲ್ ಎಂಜಿನಿಯರ್ ಮಾರ್ಯಾನ್, ಅರವತ್ತರ ಹತ್ತಿರದ ಸಣಕಲು ಮನುಷ್ಯ, ಮೊದಲ ದಿನವೇ ಮನೆಗೆ ಊಟಕ್ಕೆ ಕರೆದ. ಇಂಗ್ಲಿಷ್ ನನ್ನಷ್ಟೇ ಬರುತ್ತೆ, ಹಾಗಾಗಿ ಇಬ್ಬರಿಗೂ ಸಂಕೋಚ ಇರಲಿಲ್ಲ.

ಬಾಗಿಲಲ್ಲಿ ಚಪ್ಪಲಿ ಬಿಡೋದು ನಮಗೆ ಹೇಳಿಕೊಡಬೇಕಾ? ಬಿಟ್ಟು ಒಳಗೆ ಹೊರಟೆವು. ಅವನ ಹೆಂಡತಿ ಗಾಬರಿಯಿಂದ ಓಡಿಬಂದರು. ಅಲ್ಲಿ ಹೊರಗಿನ ಚಪ್ಪಲಿ ಬಿಟ್ಟ ಮೇಲೆ ಒಳಗಿನ ಚಪ್ಪಲಿ ಹಾಕಿಕೊಳ್ಳಲೇಬೇಕು. ಬರಿಗಾಲಲ್ಲಿ ನೆಂಟರು ಓಡಾಡಿದರೆ ಮನೆಯವರಿಗೇ ಮುಜುಗರ. ಒಂದು ಬುಟ್ಟಿ ತುಂಬ ಬಟ್ಟೆ ಚಪ್ಪಲಿ ಇಟ್ಟಿದ್ದರು. ನಂಜುಂಡಣ್ಣನ ಪಾದಕ್ಕೆ ಸರಿಹೋಗಿದ್ದು ಒಂದೇ ಜೊತೆ, ಅದರ ಮೇಲೆ ಮೊಲದ ಕಿವಿ ಇತ್ತು. ಇಡೀ ಮಧ್ಯಾಹ್ನ ಅದರಲ್ಲೇ ಗಂಭೀರವಾಗಿ ಓಡಾಡಿದರು.

ಸೊಪ್ಪಿನ ಮೇಲೆ ಕಡು ಹಸಿರು ಎಣ್ಣೆ ಸುರಿದು ಕೊಟ್ಟರು. "ಇದು ಗೇರ್ ಆಯಿಲ್ ಇದ್ದಂಗೈತಲ್ಲಮ್ಮ" ಅಂತ ನಂಜುಂಡಣ್ಣ ಪಿಸುಗುಟ್ಟಿದರು. ಕುಂಬಳಬೀಜದ ಎಣ್ಣೆಯಂತೆ. ಎರಡನೇ ತುತ್ತಿಗೆ ಬಟ್ಟಲು ಮುಂದಕ್ಕೆ ಚಾಚಿದವರೂ ಅವರೇ. ಆಮೇಲೆ ಬಂದದ್ದು ಬಕ್‌ವೀಟ್ ಅನ್ನೋ ಒಂದು ಕಪ್ಪು ಧಾನ್ಯದ ಹಿಟ್ಟನ್ನ ಕುದಿಯೋ ನೀರಲ್ಲಿ ಬೇಯಿಸಿ, ಕೋಲಲ್ಲಿ ತಿರುವಿದ ಅಡುಗೆ. ನಾವು ಮಾಂಸ ತಿನ್ನಲ್ಲ ಅಂತ ಹಂದಿ ಕೊಬ್ಬಿನ ಒಗ್ಗರಣೆ ಬಿಟ್ಟು, ಹುಳಿ ಮಜ್ಜಿಗೆ ಇಟ್ಟಿದ್ದರು. ಒಂದು ತುತ್ತು ಬಾಯಿಗಿಟ್ಟೆ. ಮುದ್ದೆಯೇ ಅದು. ಉಂಡೆ ಕಟ್ಟೋದು ಬಿಟ್ಟು ಪುಡಿ ಮಾಡಿದ್ದರು, ಅಷ್ಟೇ. ನಂಜುಂಡಣ್ಣ ಆ ಪುಡಿಯನ್ನ ಕೈಯಲ್ಲೇ ಒತ್ತಿ ಉಂಡೆ ಕಟ್ಟಿ ತೋರಿಸಿದರು. ಮಾರ್ಯಾನ್ ಅದನ್ನ ಸುತ್ತಲೂ ತಿರುಗಿಸಿ ನೋಡಿ, ಈ ಆಕಾರ ಯಾಕೆ ಅಂತ ಕೇಳಿದ. "ನುಂಗಕ್ಕೆ" ಅಂದರು. ಅವನು ತಲೆಯಾಡಿಸಿ ನುಂಗಿದ.

ಮನೆ ಹಿಂದೆ ದ್ರಾಕ್ಷಿ ತೋಟ. ಅಲ್ಲಿ ಎತ್ತರದ ಕಂಬದ ಮೇಲೆ ಮರದ ರೆಕ್ಕೆಗಳು. ಗಾಳಿ ಬಂದರೆ ರೆಕ್ಕೆ ತಿರುಗುತ್ತೆ, ಅದಕ್ಕೆ ಕಟ್ಟಿದ ಸುತ್ತಿಗೆಗಳು ಹಲಗೆ ಮೇಲೆ ಟಕಟಕ ಬಡಿಯುತ್ವೆ, ಹಕ್ಕಿ ಹಾರಿಹೋಗುತ್ವೆ. ಚಿಕ್ಕವಳಿದ್ದಾಗ ರಾಗಿ ಹೊಲದಲ್ಲಿ ಎಣ್ಣೆ ಡಬ್ಬ ಬಡಿದು ಬಡಿದು ನನ್ನ ಕೈ ಬೊಬ್ಬೆ ಬಂದದ್ದು ನೆನಪಾಯ್ತು. ನಮ್ಮಲ್ಲೂ ಇದೊಂದು ಇದ್ದಿದ್ದರೆ ನಾನು ಇನ್ನೊಂದೆರಡು ಲೆಕ್ಕ ಜಾಸ್ತಿ ಮಾಡ್ತಿದ್ದೆ. ಬುಧವಾರ ಅಕ್ಕಪಕ್ಕದವರೆಲ್ಲ ಬಂದು ದ್ರಾಕ್ಷಿ ಕೊಯ್ಯುತ್ತಾರೆ, ಅವತ್ತು ತಾನು ರಜೆ, ಮಂಗಳವಾರವೇ ಪರೀಕ್ಷೆ ಮುಗಿಸಿಬಿಡೋಣ ಅಂದ ಮಾರ್ಯಾನ್. ವರ್ಷಕ್ಕೊಂದು ದಿನ ಅದು, ಅವನ ಅಪ್ಪ ಸತ್ತ ವರ್ಷವೂ ತಪ್ಪಿಸಿಲ್ಲವಂತೆ.

ಮಂಗಳವಾರ, ಮೂರು ಪಟ್ಟೆ

ಅಲ್ಲಿ ಕೆಲಸ ಬೆಳಿಗ್ಗೆ ಆರಕ್ಕೇ ಶುರು. ಹತ್ತು ಗಂಟೆಗೆ ಎಲ್ಲರೂ ಕೈ ತೊಳೆದು ಬಿಸಿ ಊಟಕ್ಕೆ ಕೂರ್ತಾರೆ. ಎರಡು ಗಂಟೆಗೆ ಫ್ಯಾಕ್ಟರಿ ಖಾಲಿ. ಒಬ್ಬರಿಗೊಬ್ಬರು ಕೂಗಾಡೋದಿಲ್ಲ. ಏನೇ ಮಾಡಿದರೂ ಹಾಳೆಯಲ್ಲಿ ಟಿಕ್ ಹಾಕಿ ಹೆಸರು ಬರೀತಾರೆ, ಟಿಕ್ ಬಿದ್ದ ಕೆಲಸವನ್ನ ಇನ್ನೊಬ್ಬರು ಅನುಮಾನಿಸಿ ನೋಡೋದಿಲ್ಲ. ನಮ್ಮಲ್ಲಿ ಒಬ್ಬ ಮಾಡಿದ್ದನ್ನ ಮೂವರು ಮುಟ್ಟಿ ನೋಡ್ತಾರೆ, ಒಬ್ಬರೂ ಬರೆಯೋಲ್ಲ.

ಮಾರ್ಯಾನ್ ಕ್ಯಾಮೆರಾ ಮುಂದಿನ ಉದ್ದನೆ ಗಾಜನ್ನ ಒರೆಸಿ, "ಗಾಜು ಸ್ವಚ್ಛ" ಅಂತ ಟಿಕ್ ಹಾಕಿ, ಕಾಫಿ ತರೋಕೆ ಹೋದ. ನನಗೆ ಬೇಕಾಗಿದ್ದು ಅದೇ ಎರಡು ನಿಮಿಷ. ಪ್ಯಾನಲ್ ಬಾಗಿಲು ತೆಗೆದು, ಪರದೇಶ, ಯಾರೇನಂದುಕೊಂಡಾರೋ ಅಂತ ಒಳಮೈಗೆ ಮೂರು ಎಳೆ ವಿಭೂತಿ ಎಳೆದೆ. ಎಳೆದ ಮೇಲೆ ಮೆಷಿನ್ ಮುಟ್ಟಿ ಕಣ್ಣಿಗೆ ಒತ್ತಿಕೊಳ್ಳೋದು ಅಭ್ಯಾಸ. ಹಾಗೇ ಕೈ ಚಾಚಿ ಮುಟ್ಟಿದೆ, ಒತ್ತಿಕೊಂಡೆ. ನಂಜುಂಡಣ್ಣ ಕ್ಯಾಮೆರಾ ಪೆಟ್ಟಿಗೆಯ ಮುಚ್ಚಳ ಹಾಕಿ ಬೋಲ್ಟ್ ಬಿಗಿದರು.

ಹಡಗಲ್ಲಿ ಮೊದಲೇ ಕಳಿಸಿದ್ದ ತೆಂಗಿನ ಚೂರು ಬೆಲ್ಟಿಗೆ ಬಿತ್ತು. ಬಿಳಿ ಚೂರು, ಸಿಪ್ಪೆ ಚೂರು ಎರಡೂ ಬೆರೆಸಿದ್ದೆವು. ಗಾಳಿ ಪಟಪಟ ಊದಿತು. ಸಿಪ್ಪೆ ಚೂರುಗಳು ಹಾರಿ ಹಾರಿ ಆಚೆ ಬಿದ್ದವು. ಆದರೆ ಬೆಲ್ಟಿನ ಮಧ್ಯದಲ್ಲಿ ಮೂರು ಸಾಲಿನಲ್ಲಿ ಮಾತ್ರ ಕಂದು ಚೂರುಗಳು ರಾಜಾರೋಷವಾಗಿ ದಾಟಿಹೋದವು. ಮತ್ತೆ ಓಡಿಸಿದೆವು. ಮತ್ತೆ ಅದೇ ಮೂರು ಸಾಲು, ಊದದೆ ಬಿಟ್ಟ ಜಾಗ ಸ್ಕ್ರೀನಿನಲ್ಲಿ ಮೂರು ಪಟ್ಟೆಯಾಗಿ ಕಾಣ್ತಿತ್ತು.

ಮಾರ್ಯಾನ್ ಗಾಳಿಯ ವಾಲ್ವ್‌ಗಳ ಮೇಲೆ ಅನುಮಾನಪಟ್ಟ. ನಾನು ಪ್ರೋಗ್ರಾಂ ನೋಡಿದೆ, ಸಿಗ್ನಲ್ ನೋಡಿದೆ, ತಂತಿ ಎಳೆದು ನೋಡಿದೆ. ಎರಡು ಗಂಟೆ ಆಯ್ತು, ಎಲ್ಲರೂ ಹೋದರು, ಅವನು ಹೋಗಲಿಲ್ಲ. ಐದು ಗಂಟೆಗೆ ಕೈ ಒರೆಸಿಕೊಂಡು, "ನಾಳೆ ವಾಲ್ವ್ ಪೂರ್ತಿ ಬಿಚ್ಚಬೇಕು. ಎರಡು ದಿನ ಹಿಡಿಯುತ್ತೆ" ಅಂದ. ಶುಕ್ರವಾರ ನಮ್ಮ ವಿಮಾನ. ಅಷ್ಟರೊಳಗೆ ಆಗದಿದ್ದರೆ ಅವರ ಪರೀಕ್ಷೆಯ ಜಾಗ ಮತ್ತೆ ಖಾಲಿ ಆಗೋದು ಮೂರು ತಿಂಗಳ ಮೇಲೆ. ಆಗ ಬರೋದು ಕನ್ಸಲ್ಟೆಂಟ್, ನಾನಲ್ಲ. ಹೆಂಡತಿಗೆ ಫೋನ್ ಮಾಡಿ ನಾಳೆ ದ್ರಾಕ್ಷಿಗೆ ಬರೋಲ್ಲ ಅಂತ ಮಾರ್ಯಾನ್ ಹೇಳಿದ್ದು ಭಾಷೆ ಬರದಿದ್ದರೂ ಅರ್ಥವಾಯ್ತು.

ಬುಧವಾರ, ಕನ್ನಡಿ ಮುಂದೆ

ಬೆಳಿಗ್ಗೆ ಸ್ನಾನ ಮಾಡಿ, ರೂಮಿನ ಕನ್ನಡಿ ಮುಂದೆ ನಿಂತು ಹಣೆಗೆ ವಿಭೂತಿ ಹಚ್ಚಿಕೊಂಡೆ. ಮೂರು ಬೆರಳು. ಮಧ್ಯದ ಬೆರಳಿನ ಗುರುತು ಸ್ವಲ್ಪ ದಪ್ಪ. ನಿನ್ನೆ ಸ್ಕ್ರೀನಿನಲ್ಲಿ ಕಂಡ ಮೂರು ಪಟ್ಟೆಯಲ್ಲೂ ಮಧ್ಯದ್ದು ಸ್ವಲ್ಪ ದಪ್ಪ.

ಬೆರಳು ಮುಂದೆ ಹಿಡಿದು ನೋಡಿದೆ. ನಿನ್ನೆ ಕೈ ಚಾಚಿ ಮುಟ್ಟಿದ್ದು ಏನನ್ನ? ಆ ಗಾಜನ್ನ. ಬೂದಿ ಅಂಟಿದ ಜಾಗದಲ್ಲಿ ಕ್ಯಾಮೆರಾಕ್ಕೆ ಕಂದು ಬಣ್ಣವೂ ಬಿಳಿಯಾಗಿ ಕಾಣ್ತಿದೆ. ಅದಕ್ಕೇ ಊದ್ತಿಲ್ಲ. ಗಾಜು ಸ್ವಚ್ಛ ಅಂತ ಟಿಕ್ ಬಿದ್ದಿದ್ದರಿಂದ ಅದನ್ನ ಯಾರೂ ತೆಗೆದು ನೋಡೇ ಇಲ್ಲ, ನಾನೂ ನೋಡಲಿಲ್ಲ.

ತಿಂಡಿ ಟೇಬಲ್ಲಿನಲ್ಲಿ ನಂಜುಂಡಣ್ಣನಿಗೆ ಹೇಳಿದೆ. ಅವರು ಬ್ರೆಡ್ಡಿನ ಮೇಲೆ ಬೆಲ್ಲ ಉದುರಿಸ್ತಿದ್ದವರು ಕೈ ನಿಲ್ಲಿಸಿದರು.

"ಅಷ್ಟೇ ತಾನೇ? ಹತ್ತು ಗಂಟೆಗೆ ಎಲ್ರೂ ಉಣ್ಣಕ್ಕೆ ಹೋಯ್ತಾರೆ. ನಾನು ಬೋಲ್ಟ್ ಬಿಚ್ತೀನಿ, ನೀನು ಒರೆಸ್ಬುಡು. ಮೆಷಿನ್ ತಾನಾಗೇ ಸರಿಹೋಯ್ತು ಅಂದ್ರಾಯ್ತು."

"ತಾನಾಗೇ ಸರಿಹೋದ ಮೆಷಿನ್ನ ನಾನು ನಂಬ್ತೀನಾ ನಂಜುಂಡಣ್ಣ? ನಮ್ ಹುಡುಗರು ಹಂಗಂದಾಗೆಲ್ಲ ಬೈದಿರೋಳು ನಾನೇ. ಏನಕ್ಕೆ ಕೆಟ್ಟಿತ್ತು ಅಂತ ಗೊತ್ತಾಗ್ದೆ ಮಾರ್ಯಾನ್ ಸಹಿ ಹಾಕಲ್ಲ. ಹಾಕ್ಬಾರ್ದು ಕೂಡ."

"ಸಾಹುಕಾರ್ರಿಗೆ ಗೊತ್ತಾದ್ರೆ ಏನಂತಾರೆ ಯೋಚ್ನೆ ಮಾಡಿದ್ಯಾ? ಎಂಜಿನಿಯರ್ ಮಾಡಿ ಕಳ್ಸಿದ್ರೆ ಬೂದಿ ಬಳ್ದು ಕೆಡಿಸ್ಬಂದ್ಲು ಅಂತಾರೆ."

ಯೋಚನೆ ಮಾಡಿದ್ದೆ. ಹದಿನೈದು ವರ್ಷ ಕಾದಿದ್ದನ್ನ ಮೂರು ಬೆರಳಲ್ಲಿ ಒರೆಸಿಹಾಕಿಕೊಂಡೆನಲ್ಲ ಅಂತ ನನ್ನ ಮೇಲೇ ಸಿಟ್ಟು. ಆದರೆ ಆ ಮನುಷ್ಯ ದ್ರಾಕ್ಷಿ ಬಿಟ್ಟು ವಾಲ್ವ್ ಬಿಚ್ಚೋಕೆ ಕೂತಿರ್ತಾನೆ.

ಫ್ಯಾಕ್ಟರಿಗೆ ಹೋದಾಗ ಅವನು ಮೊದಲ ಸ್ಕ್ರೂಗೆ ಕೈ ಹಾಕಿದ್ದ. ನಾನು ವಿಭೂತಿ ಗಟ್ಟಿ ತೆಗೆದು ಅವನ ಮುಂದಿಟ್ಟು ಎಲ್ಲ ಹೇಳಿದೆ. ಇಂಗ್ಲಿಷ್ ಮುಗಿದ ಕಡೆ ಕೈಸನ್ನೆ ಮಾಡಿದೆ. ಅವನು ಸ್ಕ್ರೂಡ್ರೈವರ್ ಕೆಳಗಿಟ್ಟು ಸ್ಪ್ಯಾನರ್ ತಗೊಂಡ. ಬೋಲ್ಟ್ ಬಿಚ್ಚಿದೆವು. ಗಾಜಿನ ಮೇಲೆ ಮೂರು ಬೆರಳಿನ ಗುರುತು ಪೊಲೀಸ್ ಸ್ಟೇಷನ್ನಿನಲ್ಲಿ ಒತ್ತಿಸಿಕೊಂಡ ಹಾಗೆ ಇತ್ತು. ನಾನು ಬಟ್ಟೆ ಹಿಡಿದು ಮುಂದಾದೆ.

"ಈಗಲೇ ಒರೆಸಬೇಡಿ" ಅಂದ. "ಮೊದಲು ಒರೆಸಿ ಓಡಿಸೋಣ, ಸರಿಹೋಗಬೇಕು. ಆಮೇಲೆ ನೀವು ಮತ್ತೆ ಹಚ್ಚಬೇಕು, ಮತ್ತೆ ಕೆಡಬೇಕು. ಆಗ ಮಾತ್ರ ಕಾರಣ ಇದೇ ಅಂತ ಬರೆಯಬಹುದು. ಅದಕ್ಕೆ ಮುಂಚೆ ಎಲ್ಲರನ್ನೂ ಕರೀತೀನಿ, ಸಾಕ್ಷಿ ಬೇಕು."

ಕರೆದ. ಹನ್ನೆರಡು ಜನ ಬಂದು ಸುತ್ತ ನಿಂತರು. ಗಾಜು ಒರೆಸಿ ಓಡಿಸಿದರೆ ಮೆಷಿನ್ ಒಂದು ಸಿಪ್ಪೆ ಚೂರನ್ನೂ ಬಿಡಲಿಲ್ಲ. ಆಮೇಲೆ ನನ್ನ ಸರದಿ. ನಿನ್ನೆ ಯಾರಿಗೂ ಕಾಣದ ಹಾಗೆ ಮಾಡಿದ್ದನ್ನ ಇವತ್ತು ಹನ್ನೆರಡು ಜನರ ಎದುರು ಮಾಡಬೇಕು. ಒಬ್ಬಾಕೆ ಹಚ್ಚೋ ಒತ್ತಡ ನಿನ್ನೆಯಷ್ಟೇ ಇರಲಿ ಅಂತ ನೆನಪಿಸಿದಳು. ಮೂರು ಬೆರಳು ತಿಕ್ಕಿ, ಗಾಜು ಮುಟ್ಟಿ, ಅಭ್ಯಾಸಬಲ, ಕಣ್ಣಿಗೂ ಒತ್ತಿಕೊಂಡೆ. ಬೆಲ್ಟ್ ಓಡಿತು. ಮೂರು ಸಾಲಿನಲ್ಲಿ ಕಂದು ಚೂರುಗಳು ಮತ್ತೆ ದಾಟಿಹೋದವು. ಹನ್ನೆರಡೂ ಜನ ಚಪ್ಪಾಳೆ ತಟ್ಟಿದರು. ನನ್ನ ಮಾನ ಹೋದದ್ದಕ್ಕೆ ಜನ ಇಷ್ಟು ಖುಷಿಪಟ್ಟದ್ದು ಅದೇ ಮೊದಲು.

ಆಮೇಲೆ ಮಾರ್ಯಾನ್ ಒಂದು ದಪ್ಪ ಪುಸ್ತಕ ತಂದ. ಆ ಮೆಷಿನ್ನಿನ ಜೊತೆಗೇ ಬದುಕಿರೋ ಪುಸ್ತಕ ಅದು, ಅದರ ದೋಷಗಳನ್ನೆಲ್ಲ ಬರೆಯೋದು. ನಾಲ್ಕು ಕಾಲಂ: ದೋಷ ಏನು, ಕಾರಣ ಏನು, ಕಂಡುಹಿಡಿದವರು ಯಾರು, ಮತ್ತೆ ಆಗದಂತೆ ಏನು ಮಾಡಿದಿರಿ. ಮಾಡಿದವರು ಯಾರು ಅನ್ನೋ ಕಾಲಂ ಹುಡುಕಿದೆ. ಇರಲಿಲ್ಲ. ಕೇಳಿದ್ದಕ್ಕೆ, "ಅದನ್ನ ತಿಳ್ಕೊಂಡು ಮೆಷಿನ್ನಿಗೆ ಏನಾಗಬೇಕು?" ಅಂದ. ಕಂಡುಹಿಡಿದವರು ಅನ್ನೋ ಕಡೆ ನನ್ನ ಹೆಸರು ಬರೆಸಿದ.

ಕೊನೆ ಕಾಲಂನಲ್ಲಿ "ಆಪರೇಟರ್ ಗಾಜು ಮುಟ್ಟಬಾರದು" ಅಂತ ಬರೆಯಲು ಹೋದೆ. ಪೆನ್ ಹಿಡಿದ ಕೈ ತಡೆದ. "ನಿಮ್ಮೂರಲ್ಲಿ ಇನ್ನೊಬ್ಬರು ಬಂದರೂ ಹೀಗೇ ಮುಟ್ಟುತ್ತಾರಾ?"

"ಮುಟ್ಟೇ ಮುಟ್ತಾರೆ."

"ಹಾಗಾದರೆ ಈ ವಾಕ್ಯ ಕೆಲಸ ಮಾಡೋಲ್ಲ. ಇದನ್ನ ನನಗೆ ಬಿಡಿ" ಅಂದು ಕಾಲಂ ಖಾಲಿ ಬಿಟ್ಟ. ಆಮೇಲೆ ಒಂದು ಚೀಟಿ ಕೊಟ್ಟು, ನಿಮ್ಮ ಲಿಪಿಯಲ್ಲಿ ಒಂದು ಪದ ಬರೆದುಕೊಡಿ ಅಂದ. ಏನೋ ನೆನಪಿಗೆ ಇಟ್ಟುಕೊಳ್ಳೋಕೆ ಅಂದುಕೊಂಡು, ಅವನು ಕೇಳಿದ ಪದ ಬರೆದುಕೊಟ್ಟೆ.

ಗಾಜು ಮತ್ತೆ ಒರೆಸಿ ಓಡಿಸಿದ ಮೇಲೆ ಹನ್ನೊಂದು ಗಂಟೆಗೆ ಸಹಿ ಬಿತ್ತು. ಮಧ್ಯಾಹ್ನ ಮೂವರೂ ದ್ರಾಕ್ಷಿ ತೋಟದಲ್ಲಿದ್ದೆವು. ನಂಜುಂಡಣ್ಣ ಪಂಚೆ ಎತ್ತಿಕಟ್ಟಿ ಸ್ಲೊವೇನಿಯಾದ ಮುದುಕಿಯರ ಜೊತೆ ಗೊಂಚಲು ಕತ್ತರಿಸ್ತಾ, ಕನ್ನಡದಲ್ಲೇ ಮಾತಾಡ್ತಾ, ಅವರು ಅವರ ಭಾಷೆಯಲ್ಲೇ ಉತ್ತರ ಕೊಡ್ತಾ, ಸಂಜೆವರೆಗೂ ಒಂದು ಸಲವೂ ಮಾತು ನಿಲ್ಲಲಿಲ್ಲ.

ಮತ್ತೆ ಹಿರೇಹಳ್ಳಿ

ದೋಷದ ಪುಸ್ತಕದ ಫೋಟೊ ತೆಗೆದು ಮಹೇಶ್ ಸರ್‌ಗೆ ಅಲ್ಲಿಂದಲೇ ಕಳಿಸಿದ್ದೆ. ನೋಡಿದರು ಅಂತ ಫೋನಿನಲ್ಲಿ ಎರಡು ನೀಲಿ ಟಿಕ್ ಬಂತು, ಉತ್ತರ ಬರಲಿಲ್ಲ. ವಾಪಸ್ ಬಂದ ಮೇಲೂ "ಮೆಷಿನ್ ಬರ್ಲಿ, ನೋಡಣ" ಅಂದರಷ್ಟೆ. ಎರಡು ತಿಂಗಳು ಆ 'ನೋಡಣ' ನನ್ನ ನಿದ್ದೆ ತಿಂತು.

ಮೆಷಿನ್ ಬಂದ ದಿನ ಪೂಜೆಗೆ ಅಂತ ಗುಬ್ಬಿಯಿಂದ ಅಮ್ಮ ಬಂದಿದ್ದರು. ಸರ್ ಡ್ರಾಯಿಂಗ್ ಹಿಡಿದು, ಪೆಟ್ಟಿಗೆಯಿಂದ ಬಂದ ಒಂದೊಂದು ಭಾಗಕ್ಕೂ ಗುರುತು ಹಾಕ್ತಾ ಬಂದರು. ಅರವತ್ತೊಂದು ಮುಗೀತು. "ಗಿರಿಜಾ, ಈ ಅರವತ್ತೆರಡು ಏನಮ್ಮ? ಬೂದಿ ತಟ್ಟೆ ಅಂತ ಬರ್ದವ್ರೆ" ಅಂದರು.

ನಾನೂ ನೋಡಿರಲಿಲ್ಲ. ಪ್ಯಾನಲ್ ಸುತ್ತ ಬಂದೆ. ಬಾಗಿಲ ಹೊರಗಡೆ, ಎಲ್ಲರಿಗೂ ಕಾಣೋ ಹಾಗೆ, ಅಂಗೈಯಷ್ಟು ಅಗಲದ ಒಂದು ನುಣುಪು ಉಕ್ಕಿನ ತಟ್ಟೆ. ಅದರ ಮೇಲ್ಗಡೆ ಕೊರೆದ ಅಕ್ಷರ. ನನ್ನದೇ ಸೊಟ್ಟ ಬರಹ. ಚೀಟಿಯಲ್ಲಿ ಬರೆದುಕೊಟ್ಟ ಅದೇ ಪದ.

ಇಲ್ಲಿ.

ದೋಷದ ಪುಸ್ತಕ ತೆಗೆದು ನೋಡಿದರೆ ಕೊನೆ ಕಾಲಂ ತುಂಬಿತ್ತು: ಐಟಂ 62 ಅಳವಡಿಸಲಾಗಿದೆ. ಸರ್ ಕೈಯಿಂದ ಪುಸ್ತಕ ಇಸ್ಕೊಂಡು ಓದಿದರು.

"ಇದ್ರಲ್ಲಿ ಹಚ್ಚಿದೋರು ಯಾರು ಅಂತಲೇ ಇಲ್ವಲ್ಲಮ್ಮ. ಅವತ್ತು ಫೋಟೊ ನೋಡ್ದಾಗ್ನಿಂದ ಯೋಚ್ನೆ ಮಾಡ್ತಿದೀನಿ. ನಂಜುಂಡಣ್ಣನಾ?"

ನಂಜುಂಡಣ್ಣ ಹೌದು ಅನ್ನೋಕೆ ಬಾಯಿ ತೆಗೆದೇಬಿಟ್ಟಿದ್ದರು. ಪುಣ್ಯಾತ್ಮ. ನಾನೇ ಮುಂದೆ ಬಂದು "ನಾನು ಸರ್" ಅಂದೆ.

ಸರ್ ಪುಸ್ತಕ ಮುಚ್ಚಿದರು. "ಈ ಫ್ಯಾಕ್ಟರೀಲಿ ಎಷ್ಟೋ ಸಲ ಮೆಷಿನ್ ನಿಂತಿದೆ. ನಾನ್ ಮಾಡ್ದೆ ಅಂತ ಒಬ್ರೂ ಹೇಳಿಲ್ಲ, ಆ ಕನ್ಸಲ್ಟೆಂಟೂ ಹೇಳಿಲ್ಲ" ಅಂದರು. ಆಮೇಲೆ ಪಕ್ಕಕ್ಕೆ ಸರಿದು ನಿಂತು, "ಹೋಗಮ್ಮ, ಆನ್ ಮಾಡು" ಅಂದರು.

"ತಾಳಿ ಸರ್, ಅಮ್ಮ ಮೊದಲು" ಅಂದೆ. ಕಣ್ಣು ತುಂಬಿಬಿಟ್ಟಿತ್ತು.

ಅಮ್ಮ ವಿಭೂತಿ ಗಟ್ಟಿ ತಿಕ್ಕಿಕೊಂಡು ಎಲ್ಲಿಗೆ ಹಚ್ಚೋದು ಅಂತ ಮೆಷಿನ್ ಉದ್ದಕ್ಕೂ ನೋಡ್ತಿದ್ದರು. ತಟ್ಟೆ ತೋರಿಸಿದೆ. ಕನ್ನಡಕ ಏರಿಸಿ, ಬಗ್ಗಿ, ಅಕ್ಷರ ಕೂಡಿಸಿ ಓದಿದರು. "ಇಲ್ಲಿ." ಮೂರು ಬೆರಳಿಂದ ಅಲ್ಲೇ ಎಳೆದರು, ಮುಟ್ಟಿ ಕಣ್ಣಿಗೆ ಒತ್ತಿಕೊಂಡರು. ಆಮೇಲೆ ನನ್ನ ಕಡೆ ತಿರುಗಿ, "ಜರ್ಮನಿಯವ್ರಿಗೂ ಕನ್ನಡ ಬರುತ್ತೇನೇ?" ಅಂದರು.

"ಬರುತ್ತಮ್ಮ" ಅಂದು ಸ್ಟಾರ್ಟ್ ಬಟನ್ ಒತ್ತಿದೆ.